ಬೇಸಿಗೆ ರಜೆಯಲ್ಲಿ ಪ್ರೋಟೀನ್ ಹರಳುಗಳ ಸಂಶೋಧನೆ: ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಒಂದು ಕೈಪಿಡಿ

ಬೆಂಗಳೂರಿನ ಯಶವಂತಪುರದಿಂದ ಮೇಖ್ರಿ ಸರ್ಕಲ್, ಹೆಬ್ಬಾಳ ದಾಟಿ ಯಲಹಂಕದ ಕಡೆಗೆ ಹೋಗುವ ದಾರಿಯ ಆಸುಪಾಸಿನಲ್ಲಿ ದೇಶದ ನಾಲ್ಕು ದೊಡ್ಡ ವಿಜ್ಞಾನ ಸಂಸ್ಥೆಗಳಿವೆ. ಊರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಮೊದಲನೆಯದು. ಸದಾಶಿವನಗರದಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಮಗ್ಗುಲಲ್ಲೇ ಸಿ.ವಿ. ರಾಮನ್ ಅವರು 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಕಚೇರಿ. ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದೊಳಗೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್), ಅಲ್ಲಿಂದ ಮುಂದೆ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಈ ಸಂಸ್ಥೆಗಳ ಗೇಟಿನ ಮುಂದೆ ದಿನವೂ ಕಾಲೇಜು ಬಸ್ಸಿನಲ್ಲಿ ಹಾದುಹೋಗುವ ಸಾವಿರಾರು ವಿದ್ಯಾರ್ಥಿಗಳಲ್ಲಿ, ಅವರಿಗೆ ಪಾಠ ಹೇಳುವ ಅಧ್ಯಾಪಕರಲ್ಲಿ ಎಷ್ಟೋ ಮಂದಿಗೆ ಒಂದು ವಿಷಯ ಗೊತ್ತಿಲ್ಲ. ಬೇಸಿಗೆಯ ಎರಡು ತಿಂಗಳು ಇಂಥ ಪ್ರಯೋಗಾಲಯಗಳಲ್ಲಿ ಕೂತು ಸಂಶೋಧನೆ ಮಾಡಲು ಅವರಿಗೂ ಅವಕಾಶವಿದೆ, ಅದಕ್ಕೆ ಫೆಲೋಶಿಪ್ ಹಣವೂ ಸಿಗುತ್ತದೆ.

ವಿಜ್ಞಾನದ ಹತ್ತಾರು ವಿಷಯಗಳಲ್ಲಿ ಈ ಅವಕಾಶವಿದೆ. ಈ ಲೇಖನದಲ್ಲಿ ಆರಿಸಿಕೊಂಡಿರುವುದು ಪ್ರೋಟೀನ್ ಕ್ರಿಸ್ಟಲೋಗ್ರಫಿಯನ್ನು, ಅದರಲ್ಲೂ ಕಂಪ್ಯೂಟರಿನ ಮೇಲೆ ನಡೆಯುವ ಭಾಗವನ್ನು. ಕಾರಣ ಸರಳ. ಇಲ್ಲಿ ಬೇಕಾದ ದತ್ತಾಂಶವೆಲ್ಲ ಉಚಿತ, ತಂತ್ರಾಂಶಗಳು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಉಚಿತ, ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಎರಡು ತಿಂಗಳಲ್ಲಿ ಕಲಿತದ್ದನ್ನು ನಿಮ್ಮ ಕಾಲೇಜಿಗೆ ಮರಳಿದ ಮೇಲೂ ಮುಂದುವರಿಸಬಹುದು. ಕೋಟಿಗಟ್ಟಲೆ ಬೆಲೆಯ ಯಂತ್ರ ನಂಬಿಕೊಂಡ ವಿಷಯಗಳಲ್ಲಿ ಈ ಅನುಕೂಲ ಇಲ್ಲ.

ಏನಿದು ಕೆಲಸ?

ಪ್ರೋಟೀನ್ ಯಾವ ಆಕಾರದಲ್ಲಿ ಮಡಚಿಕೊಂಡಿದೆ ಎಂದು ತಿಳಿದರೆ ಅದು ಏನು ಮಾಡುತ್ತದೆ, ಯಾವ ಔಷಧ ಅದಕ್ಕೆ ಅಂಟಿಕೊಳ್ಳಬಹುದು ಎಂದು ಹೇಳಬಹುದು. ಸೂಕ್ಷ್ಮದರ್ಶಕದಲ್ಲಿ ಅದರ ಪರಮಾಣುಗಳನ್ನು ನೋಡಲಾಗದು. ಬೆಳಕಿನ ತರಂಗಕ್ಕಿಂತ ಅವು ಸಾವಿರಾರು ಪಟ್ಟು ಚಿಕ್ಕವು. ಆದ್ದರಿಂದ ಶುದ್ಧಗೊಳಿಸಿದ ಪ್ರೋಟೀನನ್ನು ಹರಳುಗಟ್ಟಿಸಿ, ಆ ಹರಳಿನ ಮೂಲಕ ಎಕ್ಸ್-ರೇ ಹಾಯಿಸುತ್ತಾರೆ. ಹರಳಿನಲ್ಲಿ ಕೋಟ್ಯಂತರ ಅಣುಗಳು ಸಾಲುಸಾಲಾಗಿ ಕೂತಿರುವುದರಿಂದ ಕಿರಣಗಳು ಚದುರಿ, ಡಿಟೆಕ್ಟರಿನ ಮೇಲೆ ಸಾವಿರಾರು ಚುಕ್ಕಿಗಳು ಮೂಡುತ್ತವೆ.

ಕಂಪ್ಯೂಟರಿನ ಕೆಲಸ ಇಲ್ಲಿಂದ ಶುರು. ಪ್ರತಿ ಚುಕ್ಕಿ ಎಷ್ಟು ಪ್ರಖರವಾಗಿದೆ ಎಂದು ಅಳೆಯಬಹುದು. ಆದರೆ ಆ ತರಂಗ ಯಾವ ಹಂತದಲ್ಲಿ ಬಂದು ತಲುಪಿತು ಎಂಬ ಮಾಹಿತಿ, ಅಂದರೆ ಫೇಸ್, ಅಳತೆಯಲ್ಲಿ ಕಳೆದುಹೋಗುತ್ತದೆ. ಫೇಸ್ ಇಲ್ಲದೆ ಗಣಿತದ ಫೂರಿಯೆ ಪರಿವರ್ತನೆ ಪೂರ್ಣವಾಗುವುದಿಲ್ಲ, ಚಿತ್ರ ಮೂಡುವುದಿಲ್ಲ. ಇದನ್ನೇ ಈ ಕ್ಷೇತ್ರದವರು ಫೇಸ್ ಪ್ರಾಬ್ಲಂ ಎನ್ನುತ್ತಾರೆ. ಬಗೆಹರಿಸಲು ಹಲವು ದಾರಿಗಳಿವೆ. ಹೋಲುವ ಪ್ರೋಟೀನಿನ ರಚನೆ ಮೊದಲೇ ಗೊತ್ತಿದ್ದರೆ ಅದನ್ನು ಹೊಸ ಹರಳಿನೊಳಗೆ ತಿರುಗಿಸಿ, ಸರಿಸಿ ಕೂರಿಸಿ ನೋಡುವುದು ಒಂದು ದಾರಿ. ಮಾಲಿಕ್ಯುಲರ್ ರಿಪ್ಲೇಸ್‌ಮೆಂಟ್ ಎಂಬ ಈ ವಿಧಾನಕ್ಕೆ 1962ರಲ್ಲಿ ಮೈಕೇಲ್ ರಾಸ್‌ಮನ್ ಮತ್ತು ಡೇವಿಡ್ ಬ್ಲೋ ಅಡಿಪಾಯ ಹಾಕಿದರು. ಕೆಲವು ಪರಮಾಣುಗಳು ಎಕ್ಸ್-ರೇಯನ್ನು ತುಸು ಅಸಹಜವಾಗಿ ಚದುರಿಸುವುದನ್ನು ಬಳಸಿಕೊಳ್ಳುವುದು ಇನ್ನೊಂದು ದಾರಿ. ಇದರ ಆರಂಭದ ದಿನಗಳಲ್ಲಿ ಬೆಂಗಳೂರಿನ ಎಸ್. ರಾಮಶೇಷನ್ ಅವರ ಕೆಲಸಕ್ಕೆ ದೊಡ್ಡ ಸ್ಥಾನವಿದೆ.

ಫೇಸ್ ಸಿಕ್ಕ ಮೇಲೆ ಇಲೆಕ್ಟ್ರಾನ್ ಸಾಂದ್ರತೆಯ ಮ್ಯಾಪ್ ತೆರೆದುಕೊಳ್ಳುತ್ತದೆ. ಅದರೊಳಗೆ ಅಮೈನೊ ಆಮ್ಲಗಳನ್ನು ಒಂದೊಂದಾಗಿ ಕೂರಿಸಿ, ಅಳೆದ ಚುಕ್ಕಿಗಳಿಗೂ ನಿಮ್ಮ ಮಾದರಿ ಹೇಳುವ ಚುಕ್ಕಿಗಳಿಗೂ ಇರುವ ಅಂತರವನ್ನು ಕಡಿಮೆ ಮಾಡುತ್ತಾ ಹೋಗುವುದೇ ರಿಫೈನ್‌ಮೆಂಟ್. ಆ ಅಂತರದ ಅಳತೆಗೆ ಆರ್-ಫ್ಯಾಕ್ಟರ್ ಎಂದು ಹೆಸರು. ಮಾದರಿಯನ್ನು ದತ್ತಾಂಶಕ್ಕೆ ಬಲವಂತವಾಗಿ ಹೊಂದಿಸಿಬಿಡುವ ಅಪಾಯ ಇರುವುದರಿಂದ 1992ರಲ್ಲಿ ಆಕ್ಸೆಲ್ ಬ್ರುಂಗರ್ ಒಂದು ಉಪಾಯ ಸೂಚಿಸಿದರು: ಸುಮಾರು ಶೇಕಡಾ 5ರಿಂದ 10ರಷ್ಟು ಚುಕ್ಕಿಗಳನ್ನು ಮೊದಲೇ ಪಕ್ಕಕ್ಕಿಟ್ಟು, ಅವುಗಳನ್ನು ರಿಫೈನ್‌ಮೆಂಟಿಗೆ ಮುಟ್ಟಿಸದೆ, ಕೊನೆಗೆ ಅವುಗಳ ಎದುರು ಮಾದರಿಯನ್ನು ಪರೀಕ್ಷಿಸುವುದು. ವಿದ್ಯಾರ್ಥಿ ನೋಡಿರದ ಪ್ರಶ್ನೆಪತ್ರಿಕೆ ಕೊಟ್ಟು ಕಲಿಕೆ ಪರೀಕ್ಷಿಸುವ ಹಾಗೆ. ಇದೇ ಆರ್-ಫ್ರೀ. ಮಾಮೂಲಿ ಆರ್-ಫ್ಯಾಕ್ಟರ್ ಇಳಿಯುತ್ತಾ ಆರ್-ಫ್ರೀ ಮಾತ್ರ ಇಳಿಯದೆ ನಿಂತರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ.

ಕಡಲೆಕಾಯಿ, ಹಲಸಿನ ಬೀಜ ಮತ್ತು ಬೆಂಗಳೂರು

ಈ ವಿಷಯ ಕಲಿಯಲು ಬೆಂಗಳೂರಿಗಿಂತ ಸೂಕ್ತ ಊರು ನಮ್ಮ ದೇಶದಲ್ಲಿ ಸಿಗುವುದು ಕಷ್ಟ. ಪ್ರೋಟೀನ್ ರಚನೆ ಸರಿಯಿದೆಯೇ ಎಂದು ಜಗತ್ತಿನಾದ್ಯಂತ ಇಂದಿಗೂ ಪರೀಕ್ಷಿಸಲು ಬಳಸುವ ರಾಮಚಂದ್ರನ್ ಪ್ಲಾಟ್ 1963ರಲ್ಲಿ ಮದ್ರಾಸಿನಲ್ಲಿ ಹುಟ್ಟಿತು. ಅದರ ಕರ್ತೃ ಜಿ.ಎನ್. ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಅದೇ ಹೊತ್ತಿಗೆ ಆಕ್ಸ್‌ಫರ್ಡಿನಲ್ಲಿ ಡೊರೊಥಿ ಹಾಜ್‌ಕಿನ್ ಅವರ ಬಳಿ ಇನ್ಸುಲಿನ್ ರಚನೆಯ ಕೆಲಸ ಮಾಡಿ ಮರಳಿದ ಎಂ. ವಿಜಯನ್ ಅಲ್ಲಿ ಸೇರಿಕೊಂಡರು.

ವಿಜಯನ್ ಮತ್ತು ಸಂಗಡಿಗರು ಆರಿಸಿಕೊಂಡದ್ದು ನಮ್ಮ ಹೊಲದ ಕಡಲೆಕಾಯಿಯನ್ನು. ಅದರಲ್ಲಿ ಸಕ್ಕರೆಯ ಅಣುಗಳನ್ನು ಗುರುತಿಸಿ ಹಿಡಿದುಕೊಳ್ಳುವ ಲೆಕ್ಟಿನ್ ಎಂಬ ಪ್ರೋಟೀನ್ ಇದೆ. ಕ್ಯಾನ್ಸರ್ ಜೀವಕೋಶಗಳ ಮೇಲೆ ತೆರೆದುಕೊಳ್ಳುವ ಟಿ-ಆಂಟಿಜನ್ ಎಂಬ ಸಕ್ಕರೆಯನ್ನೂ ಅದು ಹಿಡಿಯುತ್ತದೆ. ಆ ಹರಳುಗಳ ಪ್ರಾಥಮಿಕ ಅಧ್ಯಯನ ಪ್ರಕಟವಾದದ್ದು 1982ರಲ್ಲಿ, ಪೂರ್ಣ ರಚನೆ ಹೊರಬಂದದ್ದು 1994ರಲ್ಲಿ. ಭಾರತದಲ್ಲೇ ಮೊದಲಿನಿಂದ ಕೊನೆಯವರೆಗೆ ಬಿಡಿಸಿದ ಮೊದಮೊದಲ ಪ್ರೋಟೀನ್ ರಚನೆಗಳಲ್ಲಿ ಅದು ಒಂದು. ಫಲಿತಾಂಶವೂ ಅಚ್ಚರಿಯದು. ಒಂದೇ ತರಹದ ನಾಲ್ಕು ಉಪಘಟಕಗಳು ಕೂಡಿಕೊಂಡಾಗ ಅವು ಸಮ್ಮಿತಿಯಿಂದ ಮುಚ್ಚಿಕೊಳ್ಳಬೇಕು ಎಂದು ಎಲ್ಲರೂ ನಂಬಿದ್ದರು. ಕಡಲೆಕಾಯಿಯ ಲೆಕ್ಟಿನಿನಲ್ಲಿ ಆ ಜೋಡಣೆ ತೆರೆದೇ ಇತ್ತು. ಎರಡು ವರ್ಷ ಕಳೆದು 1996ರಲ್ಲಿ ಇದೇ ಗುಂಪು ಹಲಸಿನ ಬೀಜದ ಜಾಕಲಿನ್ ರಚನೆಯನ್ನು ಪ್ರಕಟಿಸಿ, ಲೆಕ್ಟಿನುಗಳಲ್ಲೇ ಹೊಸ ಬಗೆಯ ಮಡಿಕೆಯನ್ನು ತೋರಿಸಿತು. ಇದೇ ಘಟಕದಲ್ಲಿ ಎಂ.ಆರ್.ಎನ್. ಮೂರ್ತಿ ಅವರ ಗುಂಪು ಅಗಸೆ ಸೊಪ್ಪಿನ ಮರಕ್ಕೆ ತಗಲುವ ಸೆಸ್‌ಬೇನಿಯ ಮೊಸಾಯಿಕ್ ವೈರಸ್ಸಿನ ರಚನೆಯನ್ನು ಬಿಡಿಸಿತು.

ಈ ರಚನೆಗಳು ಈಗ ಎಲ್ಲರಿಗೂ ತೆರೆದಿವೆ. 1971ರಲ್ಲಿ ಏಳೇ ಏಳು ರಚನೆಗಳೊಂದಿಗೆ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಇಂದು ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಅಲ್ಲಿ 2ಪಿಇಎಲ್ ಎಂದು ಹುಡುಕಿದರೆ ಕಡಲೆಕಾಯಿಯ ಲೆಕ್ಟಿನ್, 1ಜೆಎಸಿ ಎಂದು ಹುಡುಕಿದರೆ ಜಾಕಲಿನ್ ಪರದೆಯ ಮೇಲೆ ತಿರುಗುತ್ತದೆ. ನಿಮ್ಮ ತಯಾರಿಯನ್ನು ಈ ಎರಡರಿಂದಲೇ ಶುರುಮಾಡಿ.

ಅವಕಾಶ ಕೊಡುವವರು ಯಾರು?

ಮುಖ್ಯ ದಾರಿ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಪ್ರಯಾಗರಾಜದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಮೂರೂ ಜಂಟಿಯಾಗಿ ನಡೆಸುವ ಎರಡು ತಿಂಗಳ ಕಾರ್ಯಕ್ರಮ ಇದು. ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಪ್ರತ್ಯೇಕ ವಿಭಾಗವಿರುವುದೇ ಇದರ ವಿಶೇಷ. ಆಯ್ಕೆಯಾದವರಿಗೆ ಫೆಲೋಶಿಪ್ ಹಣ ಮತ್ತು ಪ್ರಯಾಣ ವೆಚ್ಚ ಸಿಗುತ್ತದೆ. ಜೀವವಿಜ್ಞಾನ, ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಭೂವಿಜ್ಞಾನ, ಕಂಪ್ಯೂಟರ್ ಸೇರಿದಂತೆ ಎಂಜಿನಿಯರಿಂಗ್ ಎಂಬ ವಿಭಾಗಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ ತನ್ನ ವಿಭಾಗದಲ್ಲೇ ಅರ್ಜಿ ಹಾಕಿ ಪ್ರೋಟೀನ್ ರಚನೆಯ ಲೆಕ್ಕಾಚಾರದಲ್ಲಿ ಕೆಲಸ ಮಾಡುವ ಮಾರ್ಗದರ್ಶಕರನ್ನು ಕೇಳಬಹುದು. ಒಂದು ಮಾತು ನೆನಪಿರಲಿ: ಮಾರ್ಗದರ್ಶಕರು ದೇಶದ ಎಲ್ಲ ಕಡೆ ಇದ್ದಾರೆ. ಆರ್.ಟಿ. ನಗರದ ವಿದ್ಯಾರ್ಥಿಗೆ ಹೈದರಾಬಾದಿನ ಪ್ರಯೋಗಾಲಯ ಸಿಗಬಹುದು. ಹೋಗಿಬನ್ನಿ, ನಷ್ಟವಿಲ್ಲ.

ಎರಡನೆಯದು ಜಕ್ಕೂರಿನ ಕೇಂದ್ರ ತನ್ನದೇ ಆಗಿ ನಡೆಸುವ ಬೇಸಿಗೆ ಫೆಲೋಶಿಪ್. ಬಿ.ಎಸ್ಸಿ. ಓದುವವರಿಗೆ ಅಲ್ಲಿ ಇನ್ನೊಂದು ಒಳ್ಳೆಯ ವ್ಯವಸ್ಥೆಯನ್ನೂ ರೂಪಿಸಿದ್ದಾರೆ. ಮೂರು ಬೇಸಿಗೆ ಸತತವಾಗಿ ಬಂದು ಕೆಲಸ ಮಾಡುವ ಜೀವವಿಜ್ಞಾನ ಮತ್ತು ರಸಾಯನವಿಜ್ಞಾನದ ಡಿಪ್ಲೊಮಾ ಅದು. ಪದವಿಯ ಮೊದಲ ವರ್ಷದಲ್ಲೇ ಗಮನ ಹರಿಸಿದವರಿಗೆ ಮಾತ್ರ ಇದು ಕೈಗೆಟುಕುತ್ತದೆ.

ಮೂರನೆಯದು ನೇರವಾಗಿ ಮಾರ್ಗದರ್ಶಕರಿಗೆ ಇಮೇಲ್ ಬರೆಯುವ ದಾರಿ. ವಿಜ್ಞಾನ ಸಂಸ್ಥೆಯ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್, ಅಲ್ಲಿನದೇ ಕಂಪ್ಯೂಟೇಶನಲ್ ಅಂಡ್ ಡೇಟಾ ಸೈನ್ಸಸ್ ವಿಭಾಗ, ಎನ್‌ಸಿಬಿಎಸ್, ಈ ಮೂರೂ ಕಡೆ ಪ್ರೋಟೀನ್ ರಚನೆಯ ಕೆಲಸಕ್ಕೆ ದೀರ್ಘ ಇತಿಹಾಸವಿದೆ. ಎನ್‌ಸಿಬಿಎಸ್‌ನಲ್ಲಿ ಆರ್. ಸೌಧಾಮಿನಿ ಅವರ ಗುಂಪು ಪ್ರೋಟೀನ್ ಕುಟುಂಬಗಳನ್ನು ಕಂಪ್ಯೂಟರ್ ವಿಧಾನಗಳಿಂದ ಅಭ್ಯಸಿಸಿ ಹೆಸರು ಮಾಡಿದೆ.

ಅರ್ಹತೆ, ಅಂಕಗಳ ಮಿತಿ, ಫೆಲೋಶಿಪ್ ಮೊತ್ತ ಆಗಾಗ ಬದಲಾಗುವುದರಿಂದ ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನೇ ಓದಿ. ಸೀನಿಯರ್ ಹೇಳಿದ್ದು, ವಾಟ್ಸ್ಆ್ಯಪ್‌ನಲ್ಲಿ ಬಂದದ್ದು ನಂಬಬೇಡಿ.

ಬೇಸಿಗೆಯ ಕೆಲಸ ಆಗಸ್ಟಿನಲ್ಲೇ ಶುರು

ಹೆಚ್ಚಿನವರು ಎಡವುವುದು ಇಲ್ಲೇ. ಮಾರ್ಚಿನಲ್ಲಿ ಪರೀಕ್ಷೆ ಹತ್ತಿರ ಬಂದಾಗ ಇಂಟರ್ನ್‌ಶಿಪ್ ಹುಡುಕಲು ಹೊರಡುತ್ತಾರೆ. ಅಷ್ಟರಲ್ಲಿ ಅಕಾಡೆಮಿಗಳ ಅರ್ಜಿಯ ಗಡುವು ಮುಗಿದಿರುತ್ತದೆ. ಅವು ಸಾಮಾನ್ಯವಾಗಿ ಹಿಂದಿನ ವರ್ಷದ ಅಕ್ಟೋಬರ್-ನವೆಂಬರ್ ಹೊತ್ತಿಗೇ ಅರ್ಜಿ ಕರೆಯುತ್ತವೆ.

ಆಗಸ್ಟ್, ಸೆಪ್ಟೆಂಬರ್: ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಓಡಾಡಿ. ಪೈಮಾಲ್ ಅಥವಾ ಕೈಮೆರಾ-ಎಕ್ಸ್ ತಂತ್ರಾಂಶ ಹಾಕಿಕೊಂಡು ಹತ್ತು ರಚನೆಗಳನ್ನು ತೆರೆದು ನೋಡಿ. ಪೈಥಾನ್ ಭಾಷೆಯ ಮೂಲಪಾಠ ಮುಗಿಸಿ. ಲಿನಕ್ಸ್ ಬಳಕೆ ರೂಢಿಯಾಗಲಿ.

ಅಕ್ಟೋಬರ್, ನವೆಂಬರ್: ಶಿಫಾರಸು ಪತ್ರ ಕೊಡುವ ಅಧ್ಯಾಪಕರನ್ನು ಮೊದಲೇ ಕಂಡು ವಿಷಯ ತಿಳಿಸಿ. ಕೊನೆಯ ದಿನ ಹೋಗಿ ಸಹಿ ಕೇಳಿದರೆ ಅವರು ಎರಡು ಸಾಲಿನ ಪತ್ರ ಬರೆದಾರು; ಅದು ಅರ್ಜಿಗೆ ಬಲ ಕೊಡುವುದಿಲ್ಲ. ಅಂಕಪಟ್ಟಿಗಳನ್ನು ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಆಯ್ಕೆಪಟ್ಟಿ ಬಂದ ಮೇಲೆ: ವಿಶ್ವವಿದ್ಯಾಲಯದ ಪರೀಕ್ಷಾ ವೇಳಾಪಟ್ಟಿಯೊಂದಿಗೆ ದಿನಾಂಕ ಹೊಂದಿಸಿಕೊಳ್ಳಿ. ಸೆಮಿಸ್ಟರ್ ಪರೀಕ್ಷೆ ಜೂನ್, ಜುಲೈಗೆ ಜಾರುವ ಕಾಲೇಜುಗಳಲ್ಲಿ ಇದು ದೊಡ್ಡ ತಲೆನೋವು. ಮಾರ್ಗದರ್ಶಕರಿಗೆ ಮೊದಲೇ ತಿಳಿಸಿದರೆ ಹೆಚ್ಚಿನವರು ಸಹಕರಿಸುತ್ತಾರೆ. ಅಧ್ಯಾಪಕರು ಪ್ರಾಂಶುಪಾಲರಿಂದ ನಿರಾಕ್ಷೇಪಣಾ ಪತ್ರ ಪಡೆದಿಟ್ಟುಕೊಳ್ಳಬೇಕು.

ಅರ್ಜಿಯ ಆ ಒಂದು ಪ್ಯಾರಾ

ಬೇಸಿಗೆಯಲ್ಲಿ ಏನು ಮಾಡಬಯಸುತ್ತೀರಿ ಎಂದು ಚಿಕ್ಕದಾಗಿ ಬರೆಯಬೇಕಾದ ಭಾಗವೇ ಅರ್ಜಿಯ ಜೀವಾಳ. ‘ನನಗೆ ಬಾಲ್ಯದಿಂದಲೂ ವಿಜ್ಞಾನದಲ್ಲಿ ಆಸಕ್ತಿ, ಬಯೋಇನ್ಫರ್ಮ್ಯಾಟಿಕ್ಸ್ ಎಂದರೆ ಪ್ರಾಣ’ ಎಂಬಂಥ ವಾಕ್ಯಗಳಿಂದ ಆಯ್ಕೆ ಸಮಿತಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ: ‘ಜಾಕಲಿನ್ ಮತ್ತು ಕಡಲೆಕಾಯಿಯ ಲೆಕ್ಟಿನ್ ಎರಡೂ ಗ್ಯಾಲಕ್ಟೋಸ್ ಹಿಡಿಯುತ್ತವೆ, ಆದರೆ ಅವುಗಳ ಮಡಿಕೆ ಬೇರೆ. ಸಕ್ಕರೆ ಕೂರುವ ಜಾಗದ ನೀರಿನ ಅಣುಗಳು ಎರಡರಲ್ಲೂ ಒಂದೇ ಪಾತ್ರ ವಹಿಸುತ್ತವೆಯೇ ಎಂದು ಲಭ್ಯವಿರುವ ಎಲ್ಲ ರಚನೆಗಳನ್ನು ಹೋಲಿಸಿ ನೋಡಬಯಸುತ್ತೇನೆ. ಇದಕ್ಕಾಗಿ ಪೈಥಾನಿನಲ್ಲಿ ಫೈಲ್ ಓದುವ ಒಂದು ಪ್ರೋಗ್ರಾಂ ಬರೆದಿದ್ದೇನೆ.’ ಇಲ್ಲಿ ಒಂದು ಪ್ರಶ್ನೆಯಿದೆ, ದತ್ತಾಂಶವಿದೆ, ವಿಧಾನವಿದೆ, ಕೈಲಾದಷ್ಟು ತಯಾರಿಯೂ ಇದೆ. ಇದನ್ನೇ ಪದಕ್ಕೆ ಪದ ನಕಲು ಮಾಡಬೇಡಿ. ನಿಮ್ಮದೇ ಪ್ರೋಟೀನ್ ಆರಿಸಿಕೊಳ್ಳಿ. ಜಿಕೆವಿಕೆಯಲ್ಲಿ ಕೃಷಿ ಓದುವವರು ಬೆಳೆಯ ರೋಗಕ್ಕೆ ಸಂಬಂಧಿಸಿದ ಪ್ರೋಟೀನನ್ನು, ಫಾರ್ಮಸಿಯವರು ಕ್ಷಯರೋಗದ ಔಷಧಕ್ಕೆ ಗುರಿಯಾಗುವ ಪ್ರೋಟೀನನ್ನು ಎತ್ತಿಕೊಳ್ಳಬಹುದು.

ಎರಡು ತಿಂಗಳು ಹೇಗೆ ಕಳೆಯುತ್ತದೆ?

ಮೊದಲ ವಾರ ಒಂದು ರಚನಾ ಫೈಲನ್ನು ಸಾಲು ಸಾಲಾಗಿ ಓದಲು ಕಲಿಯಬೇಕು. ಪ್ರತಿ ಪರಮಾಣುವಿಗೆ ಒಂದು ಸಾಲು. ಅದರಲ್ಲಿ ಪರಮಾಣುವಿನ ಹೆಸರು, ಅದು ಸೇರಿದ ಅಮೈನೊ ಆಮ್ಲ, ಎಕ್ಸ್-ವೈ-ಝಡ್ ಸ್ಥಾನ, ಬಳಿಕ ಆಕ್ಯುಪೆನ್ಸಿ, ಕೊನೆಗೆ ಬಿ-ಫ್ಯಾಕ್ಟರ್. ಬಿ-ಫ್ಯಾಕ್ಟರ್ ಹೆಚ್ಚಿದ್ದರೆ ಆ ಪರಮಾಣುವಿನ ಜಾಗ ಖಚಿತವಲ್ಲ, ಅದು ಅಲುಗಾಡುತ್ತಿದೆ ಎಂದು ಅರ್ಥ. ಹೊಸಬರು ಇಲ್ಲೊಂದು ಕಡೆ ಖಂಡಿತ ಮೋಸಹೋಗುತ್ತಾರೆ. ಕೃತಕ ಬುದ್ಧಿಮತ್ತೆಯ ಆಲ್ಫಾಫೋಲ್ಡ್ ಊಹಿಸಿದ ರಚನೆಗಳ ಫೈಲಿನಲ್ಲಿ ಇದೇ ಕಾಲಂನಲ್ಲಿ ವಿಶ್ವಾಸದ ಅಂಕ ಇರುತ್ತದೆ. ಅಲ್ಲಿ ಸಂಖ್ಯೆ ಹೆಚ್ಚಿದ್ದಷ್ಟೂ ಆ ಭಾಗ ಹೆಚ್ಚು ನಂಬಲರ್ಹ. ಒಂದೇ ಜಾಗದ ಸಂಖ್ಯೆ, ಅರ್ಥ ತದ್ವಿರುದ್ಧ. ಎರಡನ್ನೂ ಒಂದೇ ಬಣ್ಣದ ಅಳತೆಯಲ್ಲಿ ಚಿತ್ರಿಸಿದರೆ ತೀರ್ಮಾನವೇ ತಲೆಕೆಳಗಾಗುತ್ತದೆ.

ಎರಡು, ಮೂರನೆಯ ವಾರ ಸಿಸಿಪಿ4 ಅಥವಾ ಫೀನಿಕ್ಸ್ ತಂತ್ರಾಂಶದಲ್ಲಿ ಗೊತ್ತಿರುವ ರಚನೆಯೊಂದನ್ನು ಮೊದಲಿನಿಂದ ಬಿಡಿಸುವ ಅಭ್ಯಾಸ. ಕೋಳಿಮೊಟ್ಟೆಯ ಲೈಸೊಜೈಮ್ ಇದಕ್ಕೆ ಹೇಳಿಮಾಡಿಸಿದ್ದು. ಅಭ್ಯಾಸಕ್ಕೆ 2008ರ ನಂತರದ ರಚನೆಗಳನ್ನು ಆರಿಸಿಕೊಳ್ಳಿ. ಎಕ್ಸ್-ರೇ ದತ್ತಾಂಶವನ್ನೂ ಕಡ್ಡಾಯವಾಗಿ ಸಲ್ಲಿಸಬೇಕೆಂಬ ನಿಯಮ ಬಂದದ್ದು ಆ ವರ್ಷ. ಅದಕ್ಕೂ ಹಳೆಯ ಹಲವು ರಚನೆಗಳಿಗೆ ಮೂಲ ದತ್ತಾಂಶ ಸಿಗುವುದಿಲ್ಲ.

ಕೂಟ್ ಎಂಬ ಉಚಿತ ತಂತ್ರಾಂಶದಲ್ಲಿ ಮ್ಯಾಪ್ ತೆರೆದಾಗ ನೀಲಿ ಬಲೆಯೊಳಗೆ ಕಡ್ಡಿಗಳಂತೆ ಮಾದರಿ ಕಾಣುತ್ತದೆ. ಮಾದರಿಯಲ್ಲಿ ಇಲ್ಲದೆ ದತ್ತಾಂಶದಲ್ಲಿ ಇರುವ ಕಡೆ ಹಸಿರು ಗುಡ್ಡೆ, ಮಾದರಿಯಲ್ಲಿದ್ದು ದತ್ತಾಂಶ ಒಪ್ಪದ ಕಡೆ ಕೆಂಪು. ಹಸಿರು ಗುಡ್ಡೆ ಕಂಡ ಕೂಡಲೇ ಅಲ್ಲಿ ನೀರಿನ ಅಣು ಹಾಕಿಬಿಡುವ ಆತುರ ಎಲ್ಲರಿಗೂ ಇರುತ್ತದೆ. ಅದು ಲೋಹದ ಅಯಾನೂ ಆಗಿರಬಹುದು, ಹರಳುಗಟ್ಟಿಸಲು ಬಳಸಿದ ರಾಸಾಯನಿಕದ ತುಣುಕೂ ಆಗಿರಬಹುದು. ಸುತ್ತಲಿನ ಪರಮಾಣುಗಳು ಎಷ್ಟು ದೂರದಲ್ಲಿವೆ ಎಂದು ಅಳೆದು, ಯಾವುದರ ಜತೆ ಹೈಡ್ರೋಜನ್ ಬಂಧ ಸಾಧ್ಯ ಎಂದು ಯೋಚಿಸಿ ನಿರ್ಧರಿಸಬೇಕು. ಈ ವಿವೇಚನೆ ಕಲಿತವರಿಗೆ ಎರಡು ತಿಂಗಳು ಸಾರ್ಥಕ.

ಉಳಿದ ವಾರಗಳು ನಿಮ್ಮ ಪ್ರಶ್ನೆಗೆ ಮೀಸಲು: ಒಂದು ಕುಟುಂಬದ ರಚನೆಗಳನ್ನೆಲ್ಲ ಹೋಲಿಸುವುದು, ಹಳೆಯ ರಚನೆಯನ್ನು ಹೊಸ ವಿಧಾನದಿಂದ ಮತ್ತೆ ರಿಫೈನ್ ಮಾಡುವುದು, ಊಹಿಸಿದ ರಚನೆಯನ್ನು ಪ್ರಯೋಗದ ರಚನೆಯ ಪಕ್ಕ ಇಟ್ಟು ಪರೀಕ್ಷಿಸುವುದು. ಕೊನೆಗೆ ವರದಿ ಸಲ್ಲಿಸಬೇಕು. ಅದಕ್ಕಾಗಿ ಮೊದಲ ದಿನದಿಂದಲೇ ನೋಟ್‌ಬುಕ್ ಇಡಿ. ಯಾವ ತಂತ್ರಾಂಶದ ಯಾವ ಆವೃತ್ತಿ, ಯಾವ ಆಯ್ಕೆ ಒತ್ತಿದಿರಿ ಎಂಬುದನ್ನೆಲ್ಲ ಬರೆದಿಡಿ.

2024ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಪ್ರೋಟೀನ್ ವಿನ್ಯಾಸಕ್ಕಾಗಿ ಡೇವಿಡ್ ಬೇಕರ್ ಅವರಿಗೆ, ರಚನೆಯ ಊಹೆಗಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಸಂದಿದೆ. ಕಂಪ್ಯೂಟರೇ ರಚನೆಯನ್ನು ಊಹಿಸುವಾಗ ಇನ್ನು ಹರಳು, ಎಕ್ಸ್-ರೇ ಯಾಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆಲ್ಫಾಫೋಲ್ಡ್ ಕಲಿತದ್ದೇ ದಶಕಗಳ ಕಾಲ ಹರಳುಗಳಿಂದ ಬಿಡಿಸಿದ ರಚನೆಗಳಿಂದ. ನೀರಿನ ಅಣು ಎಲ್ಲಿದೆ, ಔಷಧ ಹೇಗೆ ಕೂತಿದೆ ಎಂಬುದಕ್ಕೆ ಅಳತೆಯ ಸಾಕ್ಷಿ ಇನ್ನೂ ಬೇಕು. ಊಹೆ ಸರಿಯೋ ತಪ್ಪೋ ಎಂದು ಹೇಳಬಲ್ಲವರು ಮ್ಯಾಪ್ ಓದಬಲ್ಲವರೇ.

ಅಧ್ಯಾಪಕರಿಗೆ

ಈ ಫೆಲೋಶಿಪ್ಪಿನಿಂದ ಹೆಚ್ಚು ಲಾಭ ಅಧ್ಯಾಪಕರಿಗೇ ಎಂಬುದು ನನ್ನ ದೃಢ ಅಭಿಪ್ರಾಯ. ವಿದ್ಯಾರ್ಥಿ ಕಲಿತರೆ ಒಬ್ಬ ಕಲಿತಂತೆ. ಅಧ್ಯಾಪಕರು ಕಲಿತರೆ ಮುಂದಿನ ಹತ್ತಾರು ತಂಡಗಳಿಗೆ ಅದು ತಲುಪುತ್ತದೆ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಉಚಿತ ತಂತ್ರಾಂಶ ಹಾಕಿಸಿ, ಅಂತಿಮ ವರ್ಷದ ಪ್ರಾಜೆಕ್ಟುಗಳನ್ನು ನಿಜವಾದ ದತ್ತಾಂಶದ ಮೇಲೆ ಮಾಡಿಸಬಹುದು. ದುಡ್ಡು ಕೊಟ್ಟು ಸಿದ್ಧ ಪ್ರಾಜೆಕ್ಟ್ ಕೊಳ್ಳುವ ಕೆಟ್ಟ ಚಾಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಎರಡು ತಿಂಗಳು ಬಿಡುವಾಗದವರು ಅಕಾಡೆಮಿಗಳು ನಡೆಸುವ ಎರಡು ವಾರಗಳ ರಿಫ್ರೆಷರ್ ಕೋರ್ಸುಗಳನ್ನು, ಎರಡು-ಮೂರು ದಿನಗಳ ಉಪನ್ಯಾಸ ಕಾರ್ಯಾಗಾರಗಳನ್ನು ಬಳಸಿಕೊಳ್ಳಬಹುದು. ಅಂಥ ಕಾರ್ಯಾಗಾರವನ್ನು ನಿಮ್ಮ ಕಾಲೇಜಿನಲ್ಲೇ ಏರ್ಪಡಿಸಲು ಕೇಳಿಕೊಳ್ಳಬಹುದು.

ವಾಸ, ಓಡಾಟ, ಎಚ್ಚರಿಕೆ

ಹೊರಊರಿನವರು ಆಯ್ಕೆಪತ್ರ ಕೈಸೇರಿದ ಕೂಡಲೇ ಹಾಸ್ಟೆಲ್ ಸಿಗುತ್ತದೆಯೇ ಎಂದು ಆಯಾ ಸಂಸ್ಥೆಯಲ್ಲಿ ವಿಚಾರಿಸಿ. ಸಿಗದಿದ್ದರೆ ವಿಜ್ಞಾನ ಸಂಸ್ಥೆಗೆ ಮತ್ತಿಕೆರೆ, ಯಶವಂತಪುರ; ಎನ್‌ಸಿಬಿಎಸ್‌ಗೆ ಸಹಕಾರನಗರ, ಕೊಡಿಗೇಹಳ್ಳಿ; ಜಕ್ಕೂರಿನ ಕೇಂದ್ರಕ್ಕೆ ಜಕ್ಕೂರು, ಯಲಹಂಕದ ಪಿಜಿಗಳು ಅನುಕೂಲ. ಯಲಹಂಕದಿಂದ ವಿಜ್ಞಾನ ಸಂಸ್ಥೆಗೆ ಬರುವವರು ಹೆಬ್ಬಾಳ ಮೇಲುಸೇತುವೆಯ ಬೆಳಗಿನ ದಟ್ಟಣೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಹಸಿರು ಮಾರ್ಗದ ಮೆಟ್ರೋದಲ್ಲಿ ಬರುವವರಿಗೆ ಯಶವಂತಪುರ ನಿಲ್ದಾಣವಿದೆ.

ಇನ್ನೊಂದು ಎಚ್ಚರಿಕೆ. ಸಾವಿರಾರು ರೂಪಾಯಿ ಶುಲ್ಕ ಕಟ್ಟಿಸಿಕೊಂಡು ‘ರಿಸರ್ಚ್ ಇಂಟರ್ನ್‌ಶಿಪ್’ ಸರ್ಟಿಫಿಕೇಟ್ ಕೊಡುವ ಜಾಹೀರಾತುಗಳು ಬೇಸಿಗೆಯಲ್ಲಿ ಹೆಚ್ಚುತ್ತವೆ. ಇಲ್ಲಿ ಹೇಳಿದ ಫೆಲೋಶಿಪ್ಪುಗಳು ನಿಮಗೇ ಹಣ ಕೊಡುತ್ತವೆ. ದುಡ್ಡು ಕೇಳಿದವರ ಬಳಿ ಮಾರ್ಗದರ್ಶಕರು ಯಾರು, ಅವರು ಪ್ರಕಟಿಸಿದ ಸಂಶೋಧನೆ ಯಾವುದು, ನೀವು ಮಾಡುವ ಕೆಲಸವೇನು ಎಂಬ ಮೂರು ಪ್ರಶ್ನೆ ಕೇಳಿ. ಉತ್ತರ ಬಾರದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಆಯ್ಕೆ ಆಗದಿದ್ದರೆ ಎದೆಗುಂದಬೇಡಿ. ದತ್ತಾಂಶ, ತಂತ್ರಾಂಶ ಎರಡೂ ಆಗಲೂ ನಿಮ್ಮ ಕೈಯಲ್ಲೇ ಇರುತ್ತವೆ. ವಿದ್ಯಾರ್ಥಿಗಳೇ, ನಿಮ್ಮ ಅಧ್ಯಾಪಕರನ್ನೂ ಅರ್ಜಿ ಹಾಕುವಂತೆ ಕೇಳಿಕೊಳ್ಳಿ. ಅಧ್ಯಾಪಕರೇ, ತರಗತಿಯಲ್ಲಿ ಈ ಫೆಲೋಶಿಪ್ಪಿನ ಪ್ರಕಟಣೆಯನ್ನು ಈ ಅಕ್ಟೋಬರಿನಲ್ಲಿ ಒಮ್ಮೆ ಓದಿ ಹೇಳಿ. ಅದನ್ನು ಕೇಳಿ ಒಬ್ಬಿಬ್ಬರು ಅರ್ಜಿ ಹಾಕಿದರೂ ಆ ಐದು ನಿಮಿಷ ಸಾರ್ಥಕ.